ಅಪಘಾತದ ತಪ್ಪು ಯಾರ ಖಾತೆಗೆ?



ಪ್ರತಿ ತಿಂಗಳು ಪೇಟೆಯ ಮಾತು ಬರೆಯುವ ನಾವು ಈ ಸಲ ರಸ್ತೆಯ ಮಾತು ಬರೆಯಲು ಕುಳಿತಿದ್ದೇವೆ. ಹಿಂದೆ ನಮ್ಮ ಬೆಳುಂಕಿಯಿಂದ ಜತ್ತ, ಮಿರಜ, ಅಥಣಿ, ವಿಜಯಪುರ ಎಂದರೆ ಎಸ್.ಟಿ. ಬಸ್ಸಿನ ಹಾದಿ ಕಾಯಬೇಕಾಗಿತ್ತು. ಈಗ ವ್ಯಾಪಾರಸ್ಥರ ಮನೆಯ ಅಂಗಳದಲ್ಲಿ ಗಾಡಿ ನಿಂತಿರುತ್ತದೆ. ಮುಂಜಾನೆ ಸಾಂಗಲಿಯ ಅರಿಷಿಣ ಪೇಟೆ, ಮಧ್ಯಾಹ್ನ ವಸೂಲಿ, ಹೊತ್ತು ಮುಳುಗುವುದರೊಳಗೆ ಊಟಕ್ಕೆ ಮನೆ ಮುಟ್ಟಬೇಕೆಂಬ ಅವಸರ. ಈ ಕೊನೆಯ ಅವಸರ ನಮ್ಮ ಮನೆಗಳಿಗೇ ಹೆಚ್ಚು. ಸಂಜೆ ಐದರ ಮೇಲೆ ನಮ್ಮ ಹುಡುಗರು ಗಾಡಿ ಓಡಿಸುವ ರೀತಿ ನೋಡಿದರೆ ಎದೆ ಝಲ್ಲೆನ್ನುತ್ತದೆ. ಮನೆಯಿಂದ ಡಬ್ಬಿ ಕಟ್ಟಿಕೊಂಡು ಹೋದರೆ ಈ ಅವಸರವೇ ಇಲ್ಲ. ಆದರೆ ಡಬ್ಬಿ ಒಯ್ಯಲು ಇಂದಿನವರಿಗೆ ನಾಚಿಕೆ!

ಗಾಡಿ ಹೇಗೆ ಓಡಿಸಬೇಕೆಂದು ಹೇಳುವವರು ಬಹಳ ಜನ ಇದ್ದಾರೆ. ತಾಕಿದ ಮೇಲೆ ಏನು ಮಾಡಬೇಕು, ತಪ್ಪು ಯಾರದೆಂಬುದನ್ನು ಯಾರು ಹೇಗೆ ನಿರ್ಣಯಿಸುತ್ತಾರೆ, ಇಲ್ಲದ ತಪ್ಪು ನಮ್ಮ ತಲೆಗೆ ಬರದಂತೆ ನೋಡಿಕೊಳ್ಳುವುದು ಹೇಗೆ ಎಂಬುದನ್ನು ಹೇಳುವವರು ಕಡಿಮೆ. ನಾವು ವಕೀಲರಲ್ಲ, ಮ್ಯಾಟ್ರಿಕ್ ಮುಗಿಸಿ ಗಾದಿಯ ಮೇಲೆ ಕುಳಿತವರು. ಆದರೆ ನಾಲ್ಕು ದಶಕ ಕಿರ್ದಿ ಬರೆದ ಕೈಗೆ ಒಂದು ಮಾತು ಚೆನ್ನಾಗಿ ಗೊತ್ತು. ಅಂದಿನದನ್ನು ಅಂದೇ ನಾವು ಬರೆದಿಡದಿದ್ದರೆ ಎದುರಿನವನು ಬರೆದದ್ದೇ ಲೆಕ್ಕವಾಗುತ್ತದೆ. ಅಪಘಾತದಲ್ಲಿಯೂ ನಡೆಯುವುದು ಇದೇ.

ನಮ್ಮ ಜತ್ತ ತಾಲೂಕಿನವರು 2024ರ ಡಿಸೆಂಬರ್ 21ನ್ನು ಮರೆಯುವಂತಿಲ್ಲ. ಇದೇ ತಾಲೂಕಿನ ಮೊರಬಗಿಯ ಮೂಲದವರು, ಬೆಂಗಳೂರಿನಲ್ಲಿ ಸ್ವಂತ ಸಾಫ್ಟ್‌ವೇರ್ ಕಂಪನಿ ಕಟ್ಟಿ ಬೆಳೆದವರು, ಮನೆಯ ಹೆಂಗಸರು ಮಕ್ಕಳನ್ನು ಕರೆದುಕೊಂಡು ಊರಿಗೆ ಹೊರಟಿದ್ದರು. ನೆಲಮಂಗಲ ತಾಲೂಕಿನಲ್ಲಿ ಬೆಂಗಳೂರು-ತುಮಕೂರು ಹೆದ್ದಾರಿಯ ಮೇಲೆ, ಎದುರು ದಿಕ್ಕಿನಿಂದ ಬರುತ್ತಿದ್ದ ಕಂಟೇನರ್ ಲಾರಿ ನಡುವಿನ ವಿಭಜಕವನ್ನು ದಾಟಿ ಬಂದು ಅವರ ವೋಲ್ವೊ ಕಾರಿನ ಮೇಲೆಯೇ ಮಗುಚಿತು. ಒಂದೇ ಮನೆಯ ಆರೂ ಜನ ಅಲ್ಲಿಯೇ ತೀರಿಕೊಂಡರು. ಒಳ್ಳೆಯ ಗಾಡಿ, ತಮ್ಮ ದಾರಿಯಲ್ಲಿ ತಾವು ಹೊರಟವರು. ಯಾವ ಎಚ್ಚರಿಕೆಯೂ ಅವರನ್ನು ಉಳಿಸುವಂತಿರಲಿಲ್ಲ.

ಆ ದುಃಖದ ಮಾತು ಸಾಕು. ನಾವು ಹೇಳಬೇಕಾದದ್ದು ಅದರ ನಂತರದ್ದು. ತನ್ನ ಮುಂದಿದ್ದ ಕಾರು ಒಮ್ಮೆಲೆ ಬ್ರೇಕ್ ಹಾಕಿತು, ಅದನ್ನು ಉಳಿಸಲು ಹೋಗಿ ಬಲಕ್ಕೆ ತಿರುಗಿಸಿದೆ ಎಂದು ಲಾರಿಯ ಚಾಲಕ ಹೇಳಿದನೆಂದು ಪತ್ರಿಕೆಗಳಲ್ಲಿ ಬಂತು. ರಸ್ತೆ ಬದಿಯ ಸಿ.ಸಿ. ಕ್ಯಾಮರಾದ ಚಿತ್ರಗಳನ್ನು ಟಿ.ವಿ.ಯವರು ತೋರಿಸಿದರು. ವಿಚಾರ ಮಾಡಿ ನೋಡಿರಿ. ಕಾರಿನಲ್ಲಿದ್ದವರ ಪರವಾಗಿ ಮಾತನಾಡಲು ಕಾರಿನಲ್ಲಿ ಒಬ್ಬರೂ ಉಳಿದಿರಲಿಲ್ಲ. ಇಂಥ ಹೊತ್ತಿನಲ್ಲಿ ಸತ್ಯ ಹೇಳುವುದು ಯಾರ ಬಾಯಿಯೂ ಅಲ್ಲ, ಕ್ಯಾಮರಾ, ರಸ್ತೆಯ ಮೇಲಿನ ಟಾಯರಿನ ಗುರುತು, ಪಂಚನಾಮೆಯ ನಕಾಶೆ, ಇವೇ.

ಮುಂದಿನ ಗಾಡಿ ಒಮ್ಮೆಲೆ ಬ್ರೇಕ್ ಹಾಕಿದರೆ ತಪ್ಪು ಅದರದೇ ಎಂದು ನಮ್ಮಲ್ಲಿ ಬಹಳ ಜನರ ನಂಬಿಕೆ. ಕಾಯ್ದೆ ಹಾಗೆ ಹೇಳುವುದಿಲ್ಲ. ಹಿಂದಿನವನು ಮುಂದಿನ ಗಾಡಿ ನಿಂತರೂ ತಾನು ನಿಲ್ಲಿಸಿಕೊಳ್ಳುವಷ್ಟು ಅಂತರ ಬಿಟ್ಟಿರಬೇಕು. 2018ರಲ್ಲಿ ನಿಶಾನ್ ಸಿಂಗ್ ಪ್ರಕರಣದಲ್ಲಿ ಲಾರಿಯ ಹಿಂದೆ ಹತ್ತು ಹದಿನೈದು ಅಡಿಯಲ್ಲೇ ಹೊರಟಿದ್ದ ಮಾರುತಿ ಕಾರಿನವರಿಗೆ ಸುಪ್ರೀಂ ಕೋರ್ಟು ಇದನ್ನೇ ಹೇಳಿ, ತಪ್ಪು ಕಾರಿನದೇ ಎಂದಿತು. ಹಾಗೆಂದು ಮುಂದಿನವನಿಗೆ ಪೂರ್ತಿ ಬಿಡುಗಡೆ ಎಂದೂ ತಿಳಿಯಬಾರದು. ಕೊಯಿಮತ್ತೂರಿನಲ್ಲಿ 2017ರ ಜನವರಿಯಲ್ಲಿ ಒಬ್ಬ ಕಾರಿನವನು ಹೆದ್ದಾರಿಯ ನಡುವೆ ಸನ್ನೆ ತೋರಿಸದೆ ಗಕ್ಕನೆ ನಿಲ್ಲಿಸಿದ. ಹೆಂಡತಿ ಗರ್ಭಿಣಿ, ವಾಂತಿ ಬಂತು ಎಂದು ಕಾರಣ. ಹಿಂದೆ ಮೋಟಾರ್ ಸೈಕಲ್ ಮೇಲಿದ್ದ ವಿದ್ಯಾರ್ಥಿ ಕಾರಿಗೆ ತಾಕಿ ಬಿದ್ದ, ಅವನ ಹಿಂದಿನ ಬಸ್ಸು ಅವನ ಮೇಲೆ ಹರಿಯಿತು, ಎಡಗಾಲು ಹೋಯಿತು. 2025ರ ಜುಲೈ 29ರಂದು ಸುಪ್ರೀಂ ಕೋರ್ಟು ತಪ್ಪನ್ನು ಪಾಲು ಹಾಕಿತು. ಕಾರಿನವನಿಗೆ ನೂರಕ್ಕೆ 50, ಬಸ್ಸಿಗೆ 30, ಆ ಹುಡುಗನಿಗೂ 20. ಅವನೂ ಅಂತರ ಬಿಟ್ಟಿರಲಿಲ್ಲ, ಲೈಸೆನ್ಸೂ ಇರಲಿಲ್ಲ. ಒಟ್ಟು ಪರಿಹಾರದಲ್ಲಿ ಅವನ ಪಾಲಿನ 20 ಕಳೆದು ಉಳಿದದ್ದು ಅವನ ಕೈಗೆ.

ಪಾಲುದಾರಿಕೆಯ ಅಂಗಡಿ ನಡೆಸಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ತಪ್ಪು ಎಂಬುದು ಪೂರ್ತಿ ನಿನ್ನದು, ಪೂರ್ತಿ ನನ್ನದು ಎಂದು ಇರಬೇಕೆಂದಿಲ್ಲ, ರೂಪಾಯಿಯಲ್ಲಿ ಆಣೆ ಲೆಕ್ಕ ಬೀಳುತ್ತದೆ. ಪ್ರತಿ ಆಣೆಗೂ ದುಡ್ಡಿದೆ. ಅದಕ್ಕೇ ರಸ್ತೆಯ ಮೇಲೆ ನಿಂತು "ಎಲ್ಲ ನಮ್ಮದೇ ತಪ್ಪಪ್ಪಾ" ಎಂದು ಕೈ ಮುಗಿಯುವುದೂ ಬೇಡ, "ನಿನ್ನದೇ ತಪ್ಪು" ಎಂದು ಅಂಗಿ ಹಿಡಿಯುವುದೂ ಬೇಡ.

ಇನ್ನೊಂದು ಮಾತು ಹಳ್ಳಿ ಹಳ್ಳಿಗಳಲ್ಲಿ ಕೇಳುತ್ತೇವೆ: ದೊಡ್ಡ ಗಾಡಿಯದೇ ತಪ್ಪು. ಹಾಗೆ ಯಾವ ಕಾಯ್ದೆಯಲ್ಲೂ ಇಲ್ಲ. ಬೈಕಿನ ಮೇಲೆ ಮೂವರಿದ್ದರು, ಆದ್ದರಿಂದ ತಪ್ಪು ಅವರದೇ ಎಂಬುದೂ ಇಲ್ಲ. ಮೂವರು ಕುಳಿತದ್ದು ಕಾಯ್ದೆ ಮುರಿದದ್ದು ಹೌದು, ಆದರೆ ಆ ಕಾರಣದಿಂದಲೇ ಅಪಘಾತವಾಯಿತೆಂದು ತೋರಿಸದ ಹೊರತು ಪರಿಹಾರದಲ್ಲಿ ಕಡಿತ ಮಾಡುವಂತಿಲ್ಲ ಎಂದು ಸುಪ್ರೀಂ ಕೋರ್ಟು 2020ರಲ್ಲಿ ಹೇಳಿದೆ.

ಹಾಗಾದರೆ ತಾಕಿದ ಕ್ಷಣದಲ್ಲಿ ಮಾಡುವುದೇನು? ಮೊದಲು ಜೀವ. ಗಾಡಿ ನಿಲ್ಲಿಸಿ, 112ಕ್ಕೆ ಫೋನು ಮಾಡಿ, ಪೆಟ್ಟಾದವರನ್ನು ದವಾಖಾನೆಗೆ ಮುಟ್ಟಿಸಬೇಕು. ಎದುರಿನವನ ತಪ್ಪೇ ಇದ್ದರೂ ಇದು ನಮ್ಮ ಕರ್ತವ್ಯ. ನಮ್ಮ ಧರ್ಮ ಹೇಳುವುದನ್ನೇ 1988ರ ಮೋಟಾರು ವಾಹನ ಕಾಯ್ದೆಯ 134ನೇ ಕಲಮೂ ಹೇಳುತ್ತದೆ. 2025ರ ಮೇ ತಿಂಗಳಿನಿಂದ ರಸ್ತೆಯಲ್ಲಿ ಗಾಯಗೊಂಡವರಿಗೆ ಯೋಜನೆಗೆ ಸೇರಿದ ಆಸ್ಪತ್ರೆಗಳಲ್ಲಿ ಏಳು ದಿನದವರೆಗೆ ಒಂದೂವರೆ ಲಕ್ಷ ರೂಪಾಯಿಯ ಚಿಕಿತ್ಸೆ ಹಣ ಕಟ್ಟದೆ ಸಿಗುವ ಕೇಂದ್ರ ಸರಕಾರದ ಯೋಜನೆ ಇದೆ. ಹಣ ಯಾರು ಕಟ್ಟುವವರೆಂದು ಬಾಗಿಲಲ್ಲಿ ನಿಂತು ವಾದ ಮಾಡಿ ಹೊತ್ತು ಕಳೆಯಬಾರದು. ದಾರಿಹೋಕರು ಸಹಾಯ ಮಾಡಿದರೆ ಅವರನ್ನು ಸಾಕ್ಷಿಗೆ ಬಾ ಎಂದು ಒತ್ತಾಯಿಸುವಂತಿಲ್ಲ ಎಂದು ಈಗ ಕಾಯ್ದೆಯೇ ಇದೆ, ಆದ್ದರಿಂದ ಅವರೂ ಅಂಜಬೇಕಾಗಿಲ್ಲ. ಆದರೂ ವಿನಯದಿಂದ ಕೇಳಿದರೆ ಹೆಸರು, ಫೋನು ನಂಬರು ಕೊಡುವ ಸಜ್ಜನರು ಇದ್ದೇ ಇರುತ್ತಾರೆ. ಕೇಳಿರಿ.

ಜನ ಕೂಡಿ ಕೈ ಮಾಡುವ ಹಾಗೆ ಕಂಡರೆ? ಇದನ್ನು ಬಹಳ ಜನ ಕೇಳುತ್ತಾರೆ. ಉದ್ರಿಕ್ತ ಗುಂಪಿನ ಭಯವಿದ್ದಲ್ಲಿ ಅಲ್ಲಿ ನಿಲ್ಲಲು ಆಗದಿದ್ದರೆ ಅದಕ್ಕೆ ಅದೇ 134ನೇ ಕಲಮಿನಲ್ಲಿ ವಿನಾಯತಿ ಇದೆ. ಆದರೆ ಅಲ್ಲಿಂದ ಹೊರಟವರು ನೇರವಾಗಿ ಹತ್ತಿರದ ಪೊಲೀಸ್ ಠಾಣೆಗೆ ಹೋಗಬೇಕು, ಮನೆಗಲ್ಲ. ತಡವೆಂದರೂ 24 ತಾಸಿನೊಳಗೆ ತಿಳಿಸಲೇಬೇಕು. ಠಾಣೆಗೆ ಹೋದವನು ಹೆದರಿ ಬಂದವನು, ಮನೆಗೆ ಹೋದವನು ಓಡಿಹೋದವನು. ಒಂದೇ ಗಾಡಿ, ಒಂದೇ ಹೊತ್ತು, ತಿರುಗಿಸಿದ ದಿಕ್ಕಿನಿಂದ ಮಾತೇ ಬದಲಾಗುತ್ತದೆ.

ಜೀವದ ಕೆಲಸವಾದ ಮೇಲೆ, ಗಾಡಿ ಸರಿಸುವ ಮೊದಲು ಮೊಬೈಲಿನಿಂದ ಫೋಟೋ ತೆಗೆಯಿರಿ. ಬರಿ ಜಜ್ಜಿದ ಬಾನೆಟ್ಟಿನ ಫೋಟೋ ತೆಗೆದು ತಂದು ತೋರಿಸುವವರನ್ನು ನೋಡಿದ್ದೇವೆ, ಅದರಿಂದ ರಿಪೇರಿಯ ಖರ್ಚು ತಿಳಿದೀತೇ ಹೊರತು ತಪ್ಪು ಯಾರದೆಂದು ತಿಳಿಯುವುದಿಲ್ಲ. ದೂರದಿಂದ ಎರಡೂ ಗಾಡಿ ಒಂದೇ ಫೋಟೋದಲ್ಲಿ ಬರಬೇಕು, ರಸ್ತೆಯ ಎರಡೂ ಅಂಚು ಕಾಣಬೇಕು, ನಡುವಿನ ಬಿಳಿ ಪಟ್ಟಿ ಕಾಣಬೇಕು. ಬ್ರೇಕಿನ ಗುರುತು, ಒಡೆದ ಗಾಜು ಬಿದ್ದ ಜಾಗ, ರಸ್ತೆಯ ಗುಂಡಿ, ಅಡ್ಡ ನಿಂತ ಕಬ್ಬಿನ ಟ್ರ್ಯಾಕ್ಟರು ಬೇಕು. ಹಂಗಾಮಿನಲ್ಲಿ ನಮ್ಮ ಕಡೆ ಹಿಂದೆ ಕೆಂಪು ದೀಪವಿಲ್ಲದ ಕಬ್ಬಿನ ಟ್ರೇಲರುಗಳು ರಾತ್ರಿ ಎಷ್ಟು ಜನರನ್ನು ಆಸ್ಪತ್ರೆಗೆ ಕಳಿಸುತ್ತವೆ ಎಂಬುದು ನಿಮಗೇ ಗೊತ್ತು. ದೀಪವಿರಲಿಲ್ಲ ಎಂದು ಮರುದಿನ ಹೇಳಿದರೆ ನಂಬುವವರು ಯಾರು? ಅಂದೇ ತೆಗೆದ ಫೋಟೋ ಹೇಳಬೇಕು.

ಪೆಟ್ರೋಲ್ ಪಂಪು, ಧಾಬೆ, ಟೋಲ್ ನಾಕೆ ಇವುಗಳ ಕ್ಯಾಮರಾದಲ್ಲಿ ಹಳೆಯ ಚಿತ್ರದ ಮೇಲೆ ಹೊಸದು ಬರೆದುಕೊಳ್ಳುತ್ತ ಹೋಗುತ್ತದೆ. ಕೆಲವು ದಿನ ಬಿಟ್ಟು ಹೋದರೆ ಏನೂ ಇರುವುದಿಲ್ಲ. ಆ ಚಿತ್ರವನ್ನು ವಶಕ್ಕೆ ತೆಗೆದುಕೊಳ್ಳಬೇಕೆಂದು ಪೊಲೀಸರಿಗೆ ಎರಡು ಸಾಲಿನ ಅರ್ಜಿ ಬರೆದುಕೊಟ್ಟು, ನಕಲಿನ ಮೇಲೆ ಠಾಣೆಯ ಶಿಕ್ಕೆ ಹಾಕಿಸಿಕೊಂಡು ಬನ್ನಿರಿ. ಗಾಡಿಯ ಗಾಜಿಗೆ ಹಚ್ಚುವ ಕ್ಯಾಮರಾ ಇದ್ದವರು ಅದರ ಕಾರ್ಡನ್ನು ಕೂಡಲೇ ತೆಗೆದಿಡಬೇಕು. ಇಂಥ ಚಿತ್ರ ಕೋರ್ಟಿನಲ್ಲಿ ನಡೆಯಬೇಕಾದರೆ 2023ರ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನಂತೆ ಒಂದು ಪ್ರಮಾಣಪತ್ರ ಬೇಕಾಗುತ್ತದೆ. ಮೂಲ ಕಾರ್ಡು ಇದ್ದರೆ ಮುಂದಿನದನ್ನು ವಕೀಲರು ನೋಡಿಕೊಳ್ಳುತ್ತಾರೆ.

ಇನ್ನು ನಮ್ಮ ವ್ಯಾಪಾರಸ್ಥರಿಗೇ ಅಂಟಿದ ಒಂದು ಅಭ್ಯಾಸ ಹೇಳಬೇಕು. ಕೋರ್ಟು, ಠಾಣೆ ಎಂದರೆ ನಮಗೆ ಅಲರ್ಜಿ. ಕಿಸೆಯಿಂದ ಐದೋ ಹತ್ತೋ ಸಾವಿರ ತೆಗೆದುಕೊಟ್ಟು "ಮುಗೀತು, ನಡೀರಿ" ಎನ್ನುತ್ತೇವೆ. ನಮ್ಮ ಪರಿಚಯದ ಒಬ್ಬ ಅಡತಿ ವ್ಯಾಪಾರಿಗಳು ಹೀಗೆಯೇ ಬೈಕಿನವನಿಗೆ ನೋಟು ಕೊಟ್ಟು ಕಳಿಸಿದರು. ಕಾಗದವಿಲ್ಲ, ಠಾಣೆಗೆ ತಿಳಿಸಿಲ್ಲ. ಎರಡು ತಿಂಗಳಿಗೆ ಕಾಲಿನ ಎಲುಬು ಮುರಿದಿದೆ ಎಂದು ನೋಟೀಸು ಬಂತು. ಕೊಟ್ಟ ಹಣವೇ ತಪ್ಪು ಒಪ್ಪಿದ ಗುರುತಾಯಿತು. ವಿಮಾ ಕಂಪನಿಯವರು ನಮಗೆ ಆಗಲೇ ಯಾಕೆ ತಿಳಿಸಲಿಲ್ಲ ಎಂದರು. ಅವರು ಹಾಗೆ ಕೇಳುವುದಕ್ಕೂ ಆಧಾರವಿದೆ. ಕಂಪನಿಯ ಲಿಖಿತ ಒಪ್ಪಿಗೆ ಇಲ್ಲದೆ ವಿಮಾದಾರನು ತಪ್ಪು ಒಪ್ಪಿಕೊಳ್ಳುವುದಾಗಲಿ, ಹಣದ ವಚನ ಕೊಡುವುದಾಗಲಿ, ಹಣ ಕೊಡುವುದಾಗಲಿ ಕೂಡದು ಎಂಬ ಷರತ್ತು ಗಾಡಿಯ ಪಾಲಿಸಿಯಲ್ಲೇ ಸಣ್ಣ ಅಕ್ಷರದಲ್ಲಿ ಇರುತ್ತದೆ. ಗಾಯಾಳುವಿನ ಔಷಧಕ್ಕೆ ಮಾನವೀಯತೆಯಿಂದ ಕೊಡುವುದು ಬೇರೆ. ಅದನ್ನು ಆಸ್ಪತ್ರೆಗೆ ಕಟ್ಟಿ ಪಾವತಿ ತೆಗೆದುಕೊಳ್ಳಿರಿ.

ಇದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಅದನ್ನು ಬರೆಯದೆ ಬಿಟ್ಟರೆ ಈ ಲೇಖನ ಬರೆದೂ ಉಪಯೋಗವಿಲ್ಲ. ಗಾಡಿ ಓಡಿಸುತ್ತಿದ್ದವನು ಮನೆಯ ಮಗ, ವಯಸ್ಸು ಹದಿನೇಳು. ಅಪಘಾತವಾದ ಕೂಡಲೇ ಹಿರಿಯರು ಕೂಡಿ "ಡ್ರೈವರನ ಹೆಸರು ಹೇಳೋಣ, ಅವನ ಮನೆ ನಾವು ನೋಡಿಕೊಳ್ಳೋಣ" ಎಂದು ಮಾತಾಡುತ್ತಾರೆ. ಸಭ್ಯ ಮನೆಗಳಲ್ಲೇ ಈ ಮಾತು ನಡೆಯುತ್ತದೆ. 2024ರ ಮೇ 19ರಂದು ಪುಣೆಯ ಕಲ್ಯಾಣಿ ನಗರದಲ್ಲಿ ಇಬ್ಬರು ಎಂಜಿನಿಯರ್ ಯುವಕ-ಯುವತಿ ಸತ್ತ ಪ್ರಕರಣದಲ್ಲಿ, ಮನೆಯ ಡ್ರೈವರನಿಗೆ ತಪ್ಪು ಒಪ್ಪಿಕೋ ಎಂದು ಒತ್ತಾಯ ಮಾಡಿದರು, ರಕ್ತದ ಮಾದರಿಯನ್ನೇ ಬದಲಿಸಿದರು ಎಂಬ ಆರೋಪದ ಮೇಲೆ ಹುಡುಗನ ತಂದೆ, ತಾತ, ವೈದ್ಯರು ಎಲ್ಲರೂ ಬಂಧನಕ್ಕೊಳಗಾದದ್ದನ್ನು ಪತ್ರಿಕೆಗಳಲ್ಲಿ ಓದಿದ್ದೇವೆ. ಒಬ್ಬನ ಪ್ರಕರಣ ಮೂರು ತಲೆಮಾರಿನ ಪ್ರಕರಣವಾಯಿತು. ಸಣ್ಣವರಿಗೆ ಗಾಡಿ ಕೊಟ್ಟರೆ 199ಎ ಕಲಮಿನಂತೆ ಪಾಲಕರಿಗೆ ಅಥವಾ ಮಾಲಕರಿಗೆ ಮೂರು ವರ್ಷದವರೆಗೆ ಸಜೆ, 25,000 ರೂಪಾಯಿ ದಂಡ, ಗಾಡಿಯ ನೋಂದಣಿ ಒಂದು ವರ್ಷ ರದ್ದು. ಇದು ಭಾರವೇ. ಆದರೆ ಸುಳ್ಳು ಡ್ರೈವರನನ್ನು ನಿಲ್ಲಿಸಿದರೆ ಇದೂ ಉಳಿಯುತ್ತದೆ, ಇದರ ಮೇಲೆ ಸಾಕ್ಷ್ಯ ತಿದ್ದಿದ ಪ್ರಕರಣವೂ ಬೀಳುತ್ತದೆ, ವಿಮೆಯೂ ಹೋಗುತ್ತದೆ. ಸತ್ಯಾಣುವ್ರತವನ್ನು ಬಸದಿಯಲ್ಲಿ ತೆಗೆದುಕೊಂಡು ಠಾಣೆಯಲ್ಲಿ ಬಿಟ್ಟು ಬರುವುದು ಯಾವ ರೀತಿ? ಹುಡುಗನ ಕಣ್ಣೆದುರಿಗೇ ಇದು ನಡೆದರೆ ಅವನು ಕಲಿಯುವುದೇನು?

ಪೊಲೀಸರ ಕಾಗದದ ವಿಷಯಕ್ಕೆ ಬರೋಣ. ನಮ್ಮ ಗಡಿಭಾಗದವರಿಗೆ ಇಲ್ಲಿ ಒಂದು ವಿಶೇಷ ತೊಡಕು ಇದೆ. ಮನೆಯಲ್ಲಿ ಕನ್ನಡ, ಶಾಲೆ ಕನ್ನಡ, ಠಾಣೆಯ ಪಂಚನಾಮೆ ಮರಾಠಿ. ಅಪಘಾತ ವಿಜಯಪುರದ ಕಡೆ ಆದರೆ ಕಾಗದ ಕನ್ನಡ, ಗಾಡಿ ಮಹಾರಾಷ್ಟ್ರದ್ದು, ವಿಮೆಯ ಅರ್ಜಿ ಇಂಗ್ಲಿಷ್. ಪೆಟ್ಟು ತಿಂದು ಗಾಬರಿಯಾದ ಮನುಷ್ಯನು ತನಗೆ ಓದಲು ಬಾರದ ಕಾಗದಕ್ಕೆ ಸಹಿ ಹಾಕುತ್ತಾನೆ. ಅದರಲ್ಲಿ "ಎದುರಿನ ಗಾಡಿಯನ್ನು ನೋಡದೆ" ಎಂದು ಒಂದು ಮಾತು ಸೇರಿದರೆ ಸಾಕು, ಐದು ವರ್ಷ ಅದನ್ನು ಅಳಿಸಲು ಓಡಾಡಬೇಕು. ನೀವು ಕೊಟ್ಟ ಫಿರ್ಯಾದಿಯನ್ನು ನಿಮಗೆ ಓದಿ ಹೇಳಬೇಕೆಂಬುದು ಕಾಯ್ದೆಯ ನಿಯಮ, ಅದರ ಪ್ರತಿಯನ್ನು ಹಣವಿಲ್ಲದೆ ಕೊಡಬೇಕೆಂಬುದೂ ನಿಯಮ. "ಸಾಹೇಬರೇ, ಒಮ್ಮೆ ಓದಿ ತಿಳಿಸಿರಿ" ಎಂದು ಕೇಳುವುದರಲ್ಲಿ ಅಪಮಾನವಿಲ್ಲ. ತನಿಖೆಯ ವೇಳೆ ಪೊಲೀಸರು ಬರೆದುಕೊಳ್ಳುವ ಹೇಳಿಕೆಗೆ ಸಹಿ ಮಾಡಿಸುವಂತಿಲ್ಲ ಎಂಬುದನ್ನೂ ತಿಳಿದಿರಿ. ಕೇಳಿದ್ದಕ್ಕೆ ಕಂಡದ್ದನ್ನು ಹೇಳಿರಿ: ಎಷ್ಟು ಹೊತ್ತಿಗೆ, ಯಾವ ಬದಿಯಲ್ಲಿ, ಯಾವ ದಿಕ್ಕಿಗೆ. "ಬಹುಶಃ ನನ್ನ ಸ್ಪೀಡ್ ಹೆಚ್ಚಿತ್ತೇನೋ" ಎಂಬಂಥ ಊಹೆಯ ಮಾತು ಬೇಡ. ಮುಚ್ಚಿಡುವುದೂ ಬೇಡ. ಆ ರಾತ್ರಿಯೇ ಮನೆಯಲ್ಲಿ ಕುಳಿತು ನಿಮ್ಮದೇ ಭಾಷೆಯಲ್ಲಿ ನಡೆದದ್ದನ್ನೆಲ್ಲ ಒಂದು ಹಾಳೆಯಲ್ಲಿ ಬರೆದಿಡಿರಿ. ಮೂರು ವರ್ಷದ ಮೇಲೆ ಕೋರ್ಟಿನ ಕಟಕಟೆಯಲ್ಲಿ ನಿಂತಾಗ ನೆನಪಿಗೆ ಇದೇ ಆಧಾರ.

2022ರ ಏಪ್ರಿಲ್ 1ರಿಂದ ಬಂದ ನಿಯಮದಂತೆ ಪೊಲೀಸರು 48 ತಾಸಿನಲ್ಲಿ ಮೊದಲ ಅಪಘಾತ ವರದಿಯನ್ನೂ, 90 ದಿನದಲ್ಲಿ ಸವಿಸ್ತಾರ ವರದಿಯನ್ನೂ ಪರಿಹಾರ ನ್ಯಾಯಮಂಡಳಿಗೆ ಕಳಿಸಬೇಕು. ಆ ನ್ಯಾಯಮಂಡಳಿ ತಪ್ಪನ್ನು ಅಳೆಯುವುದು ಕೊಲೆ ಪ್ರಕರಣದಂತೆ ಅಣುಮಾತ್ರ ಸಂಶಯವಿಲ್ಲದೆ ಎಂದಲ್ಲ. ಯಾವುದು ಹೆಚ್ಚು ಸಂಭವನೀಯವೋ ಅದನ್ನು ಒಪ್ಪುತ್ತದೆ. ತಕ್ಕಡಿ ಒಂದು ಗುಂಜಿ ವಾಲಿದರೂ ಸಾಕು. ಆದ್ದರಿಂದ ಸಣ್ಣ ಕಾಗದಕ್ಕೂ ಬೆಲೆ ಇದೆ. ಪರಿಹಾರ ಕೇಳುವವರು ಅಪಘಾತವಾದ ಊರಿಗೇ ಹೋಗಬೇಕೆಂದಿಲ್ಲ, ತಾವು ವಾಸವಿರುವ ಅಥವಾ ವ್ಯಾಪಾರ ಮಾಡುವ ಜಾಗದ ನ್ಯಾಯಮಂಡಳಿಯಲ್ಲೂ ಅರ್ಜಿ ಹಾಕಬಹುದು. ತುಮಕೂರಿನ ಹತ್ತಿರ ಆದದ್ದಕ್ಕೆ ಸಾಂಗಲಿ ಜಿಲ್ಲೆಯವರು ಇಲ್ಲಿಯೇ ಕೇಳಬಹುದು. ಕನ್ನಡ ಕಾಗದಗಳ ಭಾಷಾಂತರ ಮಾತ್ರ ಮಾಡಿಸಬೇಕು. ಅರ್ಜಿಗೆ ಆರು ತಿಂಗಳ ಮಿತಿ ಎಂದು ಕಾಯ್ದೆಯಲ್ಲಿ ಸೇರಿಸಿದ್ದಾರೆ. ಆ ಮಿತಿಯ ವಾದ ಸುಪ್ರೀಂ ಕೋರ್ಟಿನವರೆಗೆ ಹೋಗಿದೆ. ಆ ವಾದ ನಂಬಿ ಸುಮ್ಮನೆ ಕೂಡಬೇಡಿರಿ.

ತಪ್ಪು ಪೂರ್ತಿ ನಮ್ಮ ಚಾಲಕನದೇ ಆದರೆ ಏನಾಗುತ್ತದೆ ಎಂಬುದನ್ನೂ ಗೃಹಿಣಿಯರು ಓದಿಕೊಳ್ಳಬೇಕು. ಅರಸೀಕೆರೆಯ ದಾರಿಯಲ್ಲಿ 2014ರ ಜೂನ್ 18ರಂದು ಒಬ್ಬರು ಬೇರೆಯವರ ಕಾರನ್ನು ತಾವೇ ಓಡಿಸುವಾಗ ವೇಗದಿಂದ ಮಗುಚಿ ತೀರಿಕೊಂಡರು. ಮನೆಯವರು 80 ಲಕ್ಷ ರೂಪಾಯಿ ಕೇಳಿದರು. ಸ್ವಂತ ನಿಷ್ಕಾಳಜಿಯಿಂದ ಸತ್ತವರ ವಾರಸುದಾರರಿಗೆ ಆ ಪರಿಹಾರ ಸಿಗುವುದಿಲ್ಲ ಎಂದು ಕರ್ನಾಟಕ ಹೈಕೋರ್ಟು ಹೇಳಿತು, 2025ರ ಜುಲೈ 2ರಂದು ಸುಪ್ರೀಂ ಕೋರ್ಟೂ ಎತ್ತಿಹಿಡಿಯಿತು. ಮನೆಯ ದುಡಿಯುವ ಕೈ ಹೋಯಿತು, ಹನ್ನೊಂದು ವರ್ಷ ಕೋರ್ಟು ನಡೆಯಿತು, ಕೈಗೆ ಬಂದದ್ದು ಸೊನ್ನೆ. ಮಾಲಕ-ಚಾಲಕನಿಗೆ 15 ಲಕ್ಷದ ವೈಯಕ್ತಿಕ ಅಪಘಾತ ವಿಮೆ ಇದಕ್ಕೇ ಇರುವುದು. ಕೆಲವು ನೂರು ರೂಪಾಯಿ ಉಳಿಸಲು ಅದನ್ನು ಬಿಡಿಸಿಕೊಳ್ಳುವ ಜಾಣರನ್ನು ಕಂಡಿದ್ದೇವೆ.

ಮಾರಿದ ಗಾಡಿಯ ಮಾತೊಂದು ಉಳಿಯಿತು. ಹಳೆಯ ಜೀಪನ್ನು ಅಥಣಿಯವರಿಗೋ ಇಂಡಿಯವರಿಗೋ ಮಾರಿ, ಹಣ ಎಣಿಸಿಕೊಂಡು, ಬಿಳಿ ಫಾರ್ಮಿಗೆ ಸಹಿ ಹಾಕಿ ಕೊಟ್ಟು ಮರೆತುಬಿಡುತ್ತೇವೆ. ಆರ್.ಟಿ.ಓ. ಪುಸ್ತಕದಲ್ಲಿ ಯಾರ ಹೆಸರಿದೆಯೋ ಅವರೇ ಮಾಲಕರು ಎಂದು ಸುಪ್ರೀಂ ಕೋರ್ಟು 2018ರಲ್ಲಿ ಖಚಿತವಾಗಿ ಹೇಳಿದೆ. ಆ ಜೀಪು ಮುಂದೆ ಯಾರ ಮೇಲೆ ಹರಿದರೂ ನೋಟೀಸು ನಿಮ್ಮ ಬಾಗಿಲಿಗೆ ಬರುತ್ತದೆ. ರಾಜ್ಯದೊಳಗೆ ಮಾರಿದರೆ 14 ದಿನ, ಹೊರರಾಜ್ಯಕ್ಕಾದರೆ 45 ದಿನದೊಳಗೆ ತಿಳಿಸಬೇಕು, ನಿರಾಕ್ಷೇಪಣಾ ಪತ್ರವೂ ಬೇಕು. ನಮಗೆ ಗಡಿ ಎಂಬುದು ಒಂದು ಹಳ್ಳದ ಆಚೆ, ಆದರೆ ಆರ್.ಟಿ.ಓ.ಗೆ ಅದು ಬೇರೆ ರಾಜ್ಯವೇ.

ಅಂಗಡಿಯ ಪಿಕಪ್ ಗಾಡಿಗೆ ಬೇರೆ ಲೈಸೆನ್ಸು ಬೇಕೇ ಎಂದು ವಾಚಕರೊಬ್ಬರು ಕೇಳಿದ್ದರು. ತುಂಬಿದ ಒಟ್ಟು ತೂಕ 7,500 ಕಿಲೋ ಒಳಗಿನ ಗಾಡಿಯನ್ನು ಕಾರಿನ ಲೈಸೆನ್ಸಿನ ಮೇಲೆಯೇ ಓಡಿಸಬಹುದೆಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳು 2024ರ ನವೆಂಬರ್ 6ರಂದು ತೀರ್ಮಾನಿಸಿದ್ದಾರೆ. ಲೈಸೆನ್ಸು ಜೀವಂತವಿದೆಯೇ ಎಂದು ಮಾತ್ರ ನೀವೇ ಕಣ್ಣಿನಿಂದ ನೋಡಿ ನಕಲು ಇಟ್ಟುಕೊಳ್ಳಿರಿ. ಚಾಲಕನ ಬಳಿ ಲೈಸೆನ್ಸಿಲ್ಲವೆಂದಾದರೆ ವಿಮಾ ಕಂಪನಿ ಮೊದಲು ಗಾಯಾಳುವಿಗೆ ಕೊಟ್ಟು, ಬಳಿಕ ಅಷ್ಟನ್ನೂ ಮಾಲಕನಿಂದ ವಸೂಲು ಮಾಡಲು ಬರುತ್ತದೆ.

ಅದೇ ಪಿಕಪ್ಪಿನ ಹಿಂದೆ ಮಾಲಿನ ಮೇಲೆ ಹಮಾಲರನ್ನೂ ಕೂಲಿ ಹೆಣ್ಣುಮಕ್ಕಳನ್ನೂ ಕೂಡಿಸಿಕೊಂಡು ದ್ರಾಕ್ಷಿಯ ಹಂಗಾಮಿನಲ್ಲಿ ಓಡಾಡುವುದು ನಮ್ಮ ಕಡೆ ಬಹಳ. ಅದರ ವಿಮೆ, ಮಾಲಕನ ಜವಾಬ್ದಾರಿಯ ವಿಷಯ ದೊಡ್ಡದಿದೆ. ಮುಂದಿನ ತಿಂಗಳು ಬರೆಯುತ್ತೇವೆ. ಅಲ್ಲಿಯವರೆಗೆ ನಿಮ್ಮ ಪಾಲಿಸಿಯಲ್ಲಿ ಎಷ್ಟು ಜನ ಕೂಡಲು ಅನುಮತಿ ಇದೆ ಎಂದು ತೆಗೆದು ನೋಡಿಟ್ಟುಕೊಳ್ಳಿರಿ.